ಕಣ್ಣೀರಿನ ಚೀಲ ಮೇಲಿದೆ, ಕಿಂಡಿಯೂ ಮೇಲಕ್ಕೆ ಹೋಗಬೇಕು

ಎಂಡೋಸ್ಕೋಪಿಕ್ ಡಿಸಿಆರ್ (ಮೂಗಿನೊಳಗಿನಿಂದ ಮೂಳೆ ತೆಗೆದು ಕಣ್ಣೀರಿನ ಚೀಲವನ್ನು ಮೂಗಿಗೆ ತೆರೆಯುವ ಶಸ್ತ್ರಚಿಕಿತ್ಸೆ) ಆದಮೇಲೂ ಕಣ್ಣಲ್ಲಿ ನೀರು ನಿಂತಿಲ್ಲವೆಂದು ಬರುವವರ ಮೂಗಿಗೆ ಸ್ಕೋಪ್ ಹಾಕಿದರೆ ಹಲವು ಸಲ ಕಾಣುವುದು ಒಂದೇ ತಪ್ಪು. ಮೂಳೆಯ ಕಿಂಡಿ ಕೆಳಗೇ ನಿಂತಿರುತ್ತದೆ. ಚೀಲದ ಮೇಲ್ಭಾಗ ತೆರೆದಿರುವುದಿಲ್ಲ.

ಮಿಡಲ್ ಟರ್ಬಿನೇಟ್ (ಮೂಗಿನೊಳಗಿನ ನಡುವಿನ ಮೂಳೆಮಡಿಕೆ) ಮೂಗಿನ ಪಕ್ಕದ ಗೋಡೆಗೆ ಸೇರುವ ಜಾಗಕ್ಕೆ ಆಕ್ಸಿಲಾ ಅನ್ನುತ್ತೇವೆ. ಚೀಲ ಅದಕ್ಕಿಂತ ಹೆಚ್ಚು ಮೇಲೆ ಹೋಗುವುದಿಲ್ಲ ಎಂಬ ನಂಬಿಕೆ ಬಹುಕಾಲ ಇತ್ತು. 2000ದಲ್ಲಿ ಇಎನ್‌ಟಿ ಸರ್ಜನ್ ವರ್ಮಲ್ಡ್ ಅವರ ತಂಡ ಸಿಟಿ ಸ್ಕ್ಯಾನಿನಲ್ಲಿ ಅಳೆದಾಗ ಸರಾಸರಿ 8.8 ಮಿ.ಮೀ. ಮೇಲಿನವರೆಗೂ ಚೀಲ ಸಿಕ್ಕಿತು.

ಆಪರೇಷನ್ ಟೇಬಲ್ಲಿಗೆ ಮೊದಲು ಸಿರಿಂಜಿಂಗ್, ಅಂದರೆ ಕ್ಯಾನುಲಾ ಎಂಬ ಸಣ್ಣ ಕೊಳವೆಯಿಂದ ಕಣ್ಣೀರಿನ ದಾರಿಗೆ ನೀರು ಹಾಕಿ ನೋಡುವುದು, ಆಗಲೇಬೇಕು. ಕ್ಯಾನುಲಾ ಮೂಳೆಗೆ ತಾಗಿ ಗಟ್ಟಿಯಾಗಿ ನಿಂತು, ಕೆಳಗಿನ ಪಂಕ್ಟಮ್‌ಗೆ (ರೆಪ್ಪೆಯಂಚಿನಲ್ಲಿ ಕಣ್ಣೀರು ಒಳಹೋಗುವ ತೂತು) ಹಾಕಿದ ನೀರು ಲೋಳೆಯೊಂದಿಗೆ ಮೇಲಿನದರಿಂದ ವಾಪಸ್ ಬಂದರೆ ತಡೆ ಚೀಲದಲ್ಲೋ ಅದರ ಕೆಳಗೋ ಇದೆ, ಡಿಸಿಆರ್ ಮಾಡಬಹುದು. ಕ್ಯಾನುಲಾ ಮೊದಲೇ ಮೆತ್ತಗೆ ತಡೆದರೆ ತೊಂದರೆ ಚೀಲಕ್ಕೆ ಹೋಗುವ ಸಣ್ಣ ನಾಳವಾದ ಕ್ಯಾನಾಲಿಕ್ಯುಲಸ್‌ನದು. ಆಗ ಡಿಸಿಆರ್ ಒಂದರಿಂದಲೇ ಪರಿಹಾರ ಸಿಗುವುದಿಲ್ಲ. ಕಣ್ಣೀರಲ್ಲಿ ರಕ್ತ ಬರುತ್ತಿದ್ದರೆ, ಅಥವಾ ಊತ ಕಣ್ಣಿನ ಒಳಮೂಲೆಯ ಟೆಂಡನ್‌ಗಿಂತ ಮೇಲಿದ್ದರೆ, ಮೊದಲು ಸಿಟಿ ಮಾಡಿಸಿ ಗಡ್ಡೆಯಲ್ಲವೆಂದು ಖಚಿತಪಡಿಸಿಕೊಳ್ಳಿ.

ಫ್ಲಾಪಿನ (ಮೂಳೆಯಿಂದ ಎಬ್ಬಿಸುವ ಒಳಪೊರೆಯ) ಮೇಲಿನ ಗೀರು ಆಕ್ಸಿಲಾದಿಂದ 8ರಿಂದ 10 ಮಿ.ಮೀ. ಮೇಲಿರಲಿ. ಅಲ್ಲಿಂದ ಸುಮಾರು 10 ಮಿ.ಮೀ. ಮುಂದೆ ಬಂದು ಕೆಳಗಿಳಿಯಿರಿ. ಮೂಳೆಗೆ ಅಂಟಿಕೊಂಡೇ ಫ್ಲಾಪ್ ಎಬ್ಬಿಸಿದರೆ ರಕ್ತ ಕಡಿಮೆ. ಮ್ಯಾಕ್ಸಿಲ್ಲಾದ (ಮೇಲ್ದವಡೆಯ) ದಪ್ಪ ಮೂಳೆಯ ಹಿಂದೆ ಲ್ಯಾಕ್ರಿಮಲ್ ಮೂಳೆ ತೆಳ್ಳಗೆ, ಎಲಿವೇಟರ್‌ಗೆ ಮೆತ್ತಗೆ ಸಿಗುತ್ತದೆ. ಅದನ್ನು ಬಿಡಿಸಿ, ಮೂಳೆ ಕತ್ತರಿಸುವ ಕೆರಿಸನ್ ಪಂಚ್ ಅಲ್ಲಿಂದ ಮುಂದಕ್ಕೆ ಹಾಕಿ. ಮೇಲೆ ಹೋದಂತೆ ಮೂಳೆ ದಪ್ಪವಾಗಿ ಪಂಚ್ ಜಾರುತ್ತದೆ. ಕಿಂಡಿ ಸಾಕು ಎಂದು ಕೈ ಬಿಡುವುದು ಇಲ್ಲೇ. ಮೂಳೆ ಸವೆಸುವ ಡೈಮಂಡ್ ಬರ್ ತೆಗೆದುಕೊಳ್ಳಿ. ಪಂಕ್ಟಮ್‌ನಿಂದ ಬೌಮನ್ ಪ್ರೋಬ್ ಎಂಬ ಸಣ್ಣ ಕಡ್ಡಿಯನ್ನು ಅಡ್ಡಲಾಗಿ ಹಾಕಿದಾಗ ಅದರ ತುದಿಯ ಮುಂದೆ ಮೂಳೆ ಇರಬಾರದು, ತುದಿಗಿಂತ ಮೇಲೂ ಸುಮಾರು 5 ಮಿ.ಮೀ. ಖಾಲಿ ಇರಬೇಕು.

ಪ್ರೋಬಿನ ತುದಿ ಚೀಲದ ತೆಳುಪೊರೆಯ ಮೂಲಕ ಹೊಳೆದು ಕಾಣುವವರೆಗೆ ಬ್ಲೇಡ್ ಹಾಕಬೇಡಿ. ಕಾಣದಿದ್ದರೆ ತುದಿ ಇನ್ನೂ ಕ್ಯಾನಾಲಿಕ್ಯುಲಸ್‌ನಲ್ಲೇ ಇರಬಹುದು, ತಳ್ಳಿದರೆ ಸುಳ್ಳು ದಾರಿಯಾಗುತ್ತದೆ. ಚೀಲವನ್ನು ಮೇಲಿಂದ ಕೆಳಗಿನವರೆಗೆ ಸೀಳಿ, ಪುಸ್ತಕ ಬಿಡಿಸಿದಂತೆ ಎರಡೂ ಬದಿಗೆ ಹರಡಿ. ಕೆಳಗೆ ತುಂಡು ಚೀಲ ಉಳಿದರೆ ಅದರಲ್ಲಿ ಲೋಳೆ ನಿಂತು ಕೀವಾಗುತ್ತದೆ. ಹಳದಿ ಕೊಬ್ಬು ಇಣುಕಿದರೆ ಅದು ಕಣ್ಣುಗೂಡಿನದು. ಎಳೆಯಬೇಡಿ, ಸಕ್ಷನ್ ಹಿಡಿಯಬೇಡಿ.

ದಾರಿ ಮುಚ್ಚದಂತೆ ಹಾಕುವ ಸಿಲಿಕೋನ್ ಟ್ಯೂಬ್ ಎಲ್ಲರಿಗೂ ಬೇಕಿಲ್ಲ. ಹಾಕಿದರೆ ಕಣ್ಣಿನ ಮೂಲೆಯಲ್ಲಿ ಸಡಿಲವಾಗಿರಲಿ, ಬಿಗಿಯಾದರೆ ಪಂಕ್ಟಮ್ ಸೀಳುತ್ತದೆ.

ಮೊದಲ ದಿನಗಳಲ್ಲಿ ಮೂಗನ್ನು ಜೋರಾಗಿ ಊದಿ ಸಿಂಬಳ ತೆಗೆಯಬಾರದು, ಗಾಳಿ ರೆಪ್ಪೆಗೆ ನುಗ್ಗುತ್ತದೆ. ಸಲೈನ್ ತೊಳೆತ ಬಿಡಬಾರದು. ವಾರದ ನಂತರ ಸ್ಕೋಪಿನಲ್ಲಿ ಹೆಕ್ಕಳೆ ತೆಗೆದು, ಟರ್ಬಿನೇಟ್ ಗೋಡೆಗೆ ಅಂಟಿಕೊಂಡಿದ್ದರೆ ಆಗಲೇ ಬಿಡಿಸಿ. ಗಾಯ ಮಾಗಿದ ಮೇಲೆ ಕಣ್ಣಿಗೆ ಒಂದು ಹನಿ ಫ್ಲೋರೆಸಿನ್ ಬಣ್ಣ ಹಾಕಿ ಕಿಂಡಿಯ ಮೇಲೆ ಸ್ಕೋಪ್ ಹಿಡಿದಿರಿ. ಕೆಲಸ ಸರಿಯಾಗಿದ್ದರೆ ನಿಮಿಷದೊಳಗೇ ಹಸಿರು ಮೂಗಿಗೆ ಇಳಿಯುತ್ತದೆ.