ಐವತ್ನಾಲ್ಕಕ್ಕೆ ಮತ್ತೆ ಬೈಕ್: ಚಾರ್ಮಾಡಿ, ಆಗುಂಬೆ ಸುತ್ತಿಗೆ ಹೊರಟವರಿಗೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಬೇಲೂರಿನ ದೇವಸ್ಥಾನದ ಬಗ್ಗೆ ಒಂದು ಸಾಲೂ ಇಲ್ಲ. ಆಗುಂಬೆಯ ಸೂರ್ಯಾಸ್ತವೂ ಇಲ್ಲ, ನಾನು ನೋಡಲಿಲ್ಲ. ಮದುವೆ, ಮಕ್ಕಳು, ಸೈಟು, ಲೋನು ಅಂತ ಇಪ್ಪತ್ತು ಇಪ್ಪತ್ತೈದು ವರ್ಷ ಬೈಕ್ ಮುಟ್ಟದೆ ಇದ್ದು, ಈಗ ಐವತ್ತು ದಾಟಿದ ಮೇಲೆ ಮತ್ತೆ ಹತ್ತಿ ಮಲೆನಾಡಿಗೆ ಹೋಗೋಣ ಅಂದುಕೊಂಡವರಿಗೆ ಮಾತ್ರ ಇದು.

ನನ್ನ ಹತ್ತಿರ ಇದ್ದದ್ದು ಹಳೆ ಬುಲೆಟ್. ಗೇರ್ ಬಲಗಾಲಿಗೆ, ಹಿಂದಿನ ಬ್ರೇಕ್ ಎಡಗಾಲಿಗೆ. ಮೇಲಕ್ಕೆ ಒಂದು, ಕೆಳಕ್ಕೆ ಮೂರು. ಓಡಿಸಿದವರಿಗೆ ಗೊತ್ತು, ಆಂಪಿಯರ್ ಮುಳ್ಳು ನಡುವೆ ಬರುವ ತನಕ ಕಿಕ್ಕರ್ ಅನ್ನು ಮೆಲ್ಲಗೆ ತಳ್ಳಿ, ಆಮೇಲೆ ಒದೆಯಬೇಕು, ಇಲ್ಲದಿದ್ದರೆ ಅದೇ ನಮ್ಮನ್ನು ವಾಪಸ್ ಒದೆಯುತ್ತಿತ್ತು. 1999ರಲ್ಲಿ ಮಗಳು ಹುಟ್ಟಿದಾಗ ಮಾರಿದೆ. ಆಮೇಲೆ ಬರೀ ಕಾರು. ಕಳೆದ ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಒಂದು ಕ್ಲಾಸಿಕ್ 350 ಬಾಡಿಗೆಗೆ ತೆಗೆದುಕೊಂಡೆ. ಕಪ್ಪು ನಂಬರ್ ಪ್ಲೇಟು, ಹಳದಿ ಅಕ್ಷರ. ತೂಕ 195 ಕೆ.ಜಿ. ಇದರಲ್ಲಿ ಗೇರ್ ಎಡಕ್ಕೆ, ಬ್ರೇಕ್ ಬಲಕ್ಕೆ. ಅದೇನು ದೊಡ್ಡ ವಿಷಯ, ಒಂದು ದಿನದಲ್ಲಿ ಕಲಿತುಬಿಡುತ್ತೇನೆ ಅಂದುಕೊಂಡಿದ್ದೆ. ಕಲಿತೆ ಕೂಡ. ಮನೆ ಹತ್ತಿರದ ಖಾಲಿ ಲೇಔಟಿನಲ್ಲಿ ಎರಡು ಭಾನುವಾರ ಸುತ್ತು ಹೊಡೆದೆ, ಒಂದು ತಪ್ಪೂ ಆಗಲಿಲ್ಲ.

"ನಾನು ಹಿಂದೆ ಕೂರಲ್ಲ ರೀ, ಶೃಂಗೇರಿಗೆ ಬಸ್ಸಲ್ಲಿ ಬರ್ತೀನಿ, ನೀವು ಬಂದು ಸೇರಿಕೊಳ್ಳಿ" ಅಂದಳು ನನ್ನ ಹೆಂಡತಿ. ಅವಳೇ ಬುದ್ಧಿವಂತೆ.

ಹೊರಡುವ ಮುಂಚೆ ಲೈಸೆನ್ಸ್ ತೆಗೆದು ನೋಡಿ. ಕಾರು ಓಡಿಸುತ್ತಿದ್ದೀವಲ್ಲ, ಎಲ್ಲ ಸರಿ ಇರುತ್ತೆ ಅಂತ ಸುಮ್ನೆ ಇರಬೇಡಿ. ಗೇರ್ ಇರುವ ಬೈಕಿನ ವರ್ಗ ಅದರಲ್ಲಿ ಇನ್ನೂ ಇದೆಯಾ, ಅವಧಿ ಎಲ್ಲಿಯ ತನಕ ಅಂತ ನೋಡಬೇಕು. 50ರಿಂದ 55ರ ಒಳಗೆ ನವೀಕರಿಸಿದರೆ 60 ತುಂಬುವ ತನಕ ಸಿಗುತ್ತದೆ, 55 ಆದ ಮೇಲೆ 5 ವರ್ಷಕ್ಕೊಮ್ಮೆ. ಅವಧಿ ಮುಗಿದು 1 ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ನಾನು 51ಕ್ಕೆ ಮಾಡಿಸಿದ್ದೆ, ಬಚಾವಾದೆ. ಇನ್ನು ಹೆಲ್ಮೆಟ್. ಅಟ್ಟದ ಮೇಲೆ ನನ್ನ ಹಳೆಯದು ಇತ್ತು, ಹೊರಗಿಂದ ಹೊಸದರ ಹಾಗೇ ಹೊಳೆಯುತ್ತಿತ್ತು. ಹಾಕಿ ತೆಗೆದರೆ ತಲೆ ತುಂಬ ಕರಿ ಪುಡಿ. ಒಳಗಿನ ಸ್ಪಂಜು ಪೂರ್ತಿ ಉದುರಿಹೋಗಿತ್ತು. ಹೊಸದು ತೆಗೆದುಕೊಳ್ಳಿ, ಐಎಸ್‌ಐ ಗುರುತು ಇರುವುದೇ ಬೇಕು.

ದಾರಿ ಹೀಗೆ: ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಇಳಿದು ಉಜಿರೆ, ಕಾರ್ಕಳ, ಹೆಬ್ರಿ, ಆಗುಂಬೆ ಹತ್ತಿ ಶೃಂಗೇರಿ. ಮೈಸೂರು ರಸ್ತೆಯಲ್ಲಿ ಹೋಗಿ ಮಡಿಕೇರಿ ಕಡೆ ತಿರುಗೋಣ ಅನ್ನುವವರಿಗೆ ಒಂದು ಮಾತು. ನಮ್ಮ ಕಾಲದ ಮೈಸೂರು ರಸ್ತೆ ಈಗ ಇಲ್ಲ. 2023ರ ಆಗಸ್ಟ್ 1ರಿಂದ ಅಲ್ಲಿನ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡುವುದಿಲ್ಲ, ಪಕ್ಕದ ಸರ್ವಿಸ್ ರಸ್ತೆಯಲ್ಲಿ ಆಟೋ ಟ್ರ್ಯಾಕ್ಟರ್ ಜೊತೆ ಹೋಗಬೇಕು.

ಮೊದಲ ದಿನ ಮೂಡಿಗೆರೆ ತನಕ ಹೋಗುವ ಪ್ಲಾನು. ಇಪ್ಪತ್ತೆಂಟರ ವಯಸ್ಸಿನಲ್ಲಿ ಒಂದೇ ದಿನ 400 ಕಿಲೋಮೀಟರ್ ಹೊಡೆದು, ರಾತ್ರಿ ಇಸ್ಪೀಟೂ ಆಡಿದವನು ನಾನು. ಆ ಲೆಕ್ಕದಲ್ಲೇ ಪ್ಲಾನ್ ಹಾಕಿದ್ದೆ. ಹಾಸನದಲ್ಲಿ ಕಾಫಿಗೆ ನಿಂತಾಗ ಎಡಗೈ ಬೆರಳು ಬಿಡಿಸಲು ಬರಲಿಲ್ಲ, ಕ್ಲಚ್ ಹಿಡಿದ ಆಕಾರದಲ್ಲೇ ನಿಂತುಬಿಟ್ಟಿದ್ದವು. ಲೋಟವನ್ನು ಎರಡು ಅಂಗೈ ನಡುವೆ ಇಟ್ಟುಕೊಂಡು ಕುಡಿದೆ. ಅಲ್ಲೇ ಉಳಿದೆ. ದಿನಕ್ಕೆ 200 ಕಿಲೋಮೀಟರ್ ಸಾಕು, ಘಟ್ಟದಲ್ಲಿ 120 ಸಾಕು. ಗಂಟೆಗೊಮ್ಮೆ ನಿಲ್ಲಿ. ಹೇಗಿದ್ದರೂ ಮೂತ್ರಕ್ಕೆ ನಿಲ್ಲಲೇಬೇಕಾಗುತ್ತದೆ, ನಮ್ಮ ವಯಸ್ಸಿಗೆ.

ಈ ದಾರಿಯಲ್ಲೇ ಎರಡು ಸಲ ಬಲಗಾಲು ತಾನೇ ಗೇರ್ ಹಾಕಲು ಹೋಗಿ ಬ್ರೇಕ್ ಒತ್ತಿತು. ಬೆಳ್ಳೂರು ಕ್ರಾಸ್ ಹತ್ತಿರ ಹಿಂದಿನ ಕಾರಿನವನು ಹಾರ್ನ್ ಹೊಡೆದು, ಪಕ್ಕಕ್ಕೆ ಬಂದು ಗಾಜು ಇಳಿಸಿ ಏನೋ ಅಂದ. ಹೆಲ್ಮೆಟ್ ಒಳಗೆ ಕೇಳಿಸಲಿಲ್ಲ, ಒಳ್ಳೆಯದೇ ಆಯಿತು. ನನಗೆ ಎಚ್ಚರಿಕೆ ಅಲ್ಲೇ ಸಿಕ್ಕಿತ್ತು. ನಾನು ನಕ್ಕು ಮುಂದೆ ಹೋದೆ.

ಎರಡನೇ ರಾತ್ರಿಯ ರೂಮಿನ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಹೊಟ್ಟೆ ಉರಿ ಇನ್ನೂ ಆರಿಲ್ಲ. ಮೂಡಿಗೆರೆಯಿಂದ ಸ್ವಲ್ಪ ಒಳಗೆ ಒಂದು ಹೋಂಸ್ಟೇ. ಫೋಟೋದಲ್ಲಿ ಮೋಡ, ಬೆಟ್ಟ, ಕಾಫಿ ಹಿಡಿದ ಹುಡುಗಿ. 3,200 ರೂಪಾಯಿ, ಒಬ್ಬನಿಗೆ. ಮುಖ್ಯ ರಸ್ತೆಯಿಂದ ಕೊನೆಯ ಎರಡು ಕಿಲೋಮೀಟರ್ ಕೆಮ್ಮಣ್ಣಿನ ಏರು ಅಂತ ಯಾರೂ ಹೇಳಿರಲಿಲ್ಲ. ಮಳೆ ನಿಂತು ಅರ್ಧ ಗಂಟೆ ಆಗಿತ್ತಷ್ಟೇ. ಒಂದು ತಿರುವಿನಲ್ಲಿ ನಿಂತೆ, ಎಡಗಾಲು ಊರಿದೆ, ಕಾಲು ಜಾರಿತು. ಬೈಕ್ ಮೆಲ್ಲಗೆ, ಬಹಳ ಮೆಲ್ಲಗೆ, ಎಡಕ್ಕೆ ಮಲಗಿತು. ಹಿಡಿಯಲು ಹೋಗಲಿಲ್ಲ, ಅದೊಂದೇ ನಾನು ಮಾಡಿದ ಜಾಣತನ. ಹಿಡಿಯಲು ಹೋದರೆ ಸೊಂಟ ಹೋಗುತ್ತೆ. ಎತ್ತುವಾಗಲೂ ಬಗ್ಗಿ ಎಳೆಯಬೇಡಿ. ಬೈಕಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಸೀಟಿನ ಕೆಳಗೆ ಹಿಡಿದು, ಕಾಲಿನ ಬಲದಲ್ಲಿ ಹಿಂದಕ್ಕೆ ಹೆಜ್ಜೆ ಇಡುತ್ತಾ ಏಳಬೇಕು. ಇದೆಲ್ಲ ನನಗೆ ಗೊತ್ತಿತ್ತು, ಆದರೂ ಆಗಲಿಲ್ಲ. ತೋಟದ ಕೆಲಸ ಮುಗಿಸಿ ಬರುತ್ತಿದ್ದ ಇಬ್ಬರು ಬಂದು ಎತ್ತಿಕೊಟ್ಟರು. ಎಡಗಡೆ ಲೆಗ್ ಗಾರ್ಡ್ ತರಚಿತ್ತು, ಇಂಡಿಕೇಟರ್ ಸ್ವಲ್ಪ ತಿರುಚಿತ್ತು.

ರೂಮಿನ ಗೋಡೆ ಮುಟ್ಟಿದರೆ ಕೈ ಒದ್ದೆ. ಕಿಟಕಿ ತೆಗೆದರೆ ಬೆಟ್ಟ ಇಲ್ಲ, ನೀಲಿ ಟಾರ್ಪಾಲು. ಗ್ಲೌಸ್, ಸಾಕ್ಸ್, ಶೂ ಒಣಗಿಸಲು ಒಂದು ಮೊಳೆ ಕೂಡ ಇರಲಿಲ್ಲ. ಬೆಳಗ್ಗೆ ಬಿಲ್ಲಿನಲ್ಲಿ 400 ರೂಪಾಯಿ ಕ್ಯಾಂಪ್‌ಫೈರ್ ಅಂತ ಬರೆದಿದ್ದ. ರಾತ್ರಿಯಿಡೀ ಮಳೆ ಸುರಿದಿದೆ, ಬೆಂಕಿ ಎಲ್ಲಿ ಹಾಕಿದ್ರಪ್ಪ ಅಂದೆ. "ಅದು ಪ್ಯಾಕೇಜ್ ಸಾರ್" ಅಂದ. ಕೊಟ್ಟೆ. ನೀವು ಬುಕ್ ಮಾಡುವ ಮುಂಚೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ: ಕೊನೆ ತನಕ ಡಾಂಬರು ಇದೆಯಾ, ಬೈಕ್ ನಿಲ್ಲಿಸಲು ಸೂರು ಇದೆಯಾ, ಬಟ್ಟೆ ಒಣಗುತ್ತಾ. ವ್ಯೂ ಬಗ್ಗೆ ಕೇಳಬೇಡಿ, ಎಲ್ಲರೂ ಇದೆ ಅಂತಾರೆ. ಇಲ್ಲವಾದರೆ ಪೇಟೆಯ ಲಾಡ್ಜೇ ವಾಸಿ, ಫ್ಯಾನ್ ಇರುತ್ತೆ, ಶೂ ಅದರ ಕೆಳಗೆ ಇಟ್ಟರೆ ಆಯಿತು.

ಇನ್ನು ಚಾರ್ಮಾಡಿ. ಮಂಗಳವಾರ ಇಳಿದೆ, ಬೇಕೆಂದೇ. ಶನಿವಾರ ಭಾನುವಾರ ಇಲ್ಲಿಗೆ ಹೋಗಬೇಡಿ. ಜನ ತಿರುವಿನಲ್ಲೇ ಕಾರು ನಿಲ್ಲಿಸಿ ಜಲಪಾತದ ಕೆಳಗೆ ಕುಣಿಯುತ್ತಾರೆ. ನನಗೆ ಜನ ಅಂದರೆ ಆಗುವುದಿಲ್ಲ, ನಿಮಗೆ ಆಗುತ್ತೆ ಅಂದರೆ ಹೋಗಿ. ಮಂಜು ಎಷ್ಟಿತ್ತು ಅಂದರೆ ಮುಂದಿನ ಲಾರಿಯ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ರಸ್ತೆಯ ಅಂಚಿನಲ್ಲಿ ಪಾಚಿ, ಹಾಗಾಗಿ ಬೇರೆ ಗಾಡಿಗಳ ಚಕ್ರ ಓಡಿದ ಜಾಗದಲ್ಲೇ ಹೋಗಬೇಕು. ಕನ್ನಡಕದ ವಿಷಯ ಇಲ್ಲೇ ಹೇಳಬೇಕು. ನನ್ನದು ಪ್ರೊಗ್ರೆಸಿವ್ ಲೆನ್ಸ್, ಕೆಳಭಾಗ ಓದಲು. ಇಳಿಜಾರಿನ ತಿರುವಿನಲ್ಲಿ ಕಣ್ಣು ಕೆಳಕ್ಕೆ ಹೋದರೆ ರಸ್ತೆಯೇ ಕದಡಿದ ನೀರಿನ ಹಾಗೆ ಕಾಣುತ್ತದೆ. ದೂರದೃಷ್ಟಿಗೆ ಮಾತ್ರ ಇರುವ ಬೇರೆ ಕನ್ನಡಕ ಮಾಡಿಸಿಕೊಂಡು ಹೋಗಿ. ಯಾರೂ ನನಗೆ ಇದನ್ನು ಹೇಳಿರಲಿಲ್ಲ.

ಅರ್ಧ ಇಳಿದಿದ್ದೆ. ಮೂರನೇ ಗೇರು. ಎಡಕ್ಕೆ ಮಡಚುವ ಹೇರ್‌ಪಿನ್ ತಿರುವು. ಮಂಜಿನೊಳಗಿಂದ ಕೆಂಪು ಬಸ್ಸು ಮೇಲಕ್ಕೆ ಬಂತು, ಪೂರ್ತಿ ರಸ್ತೆ ತುಂಬಿಕೊಂಡು. ಅದು ಅವನ ತಪ್ಪಲ್ಲ. ಅಷ್ಟು ಉದ್ದದ ಬಸ್ಸು ಅಲ್ಲಿ ಹಾಗೆ ಹೊರಳಲೇಬೇಕು, ಹತ್ತುವ ಗಾಡಿಗೇ ಮೊದಲು ದಾರಿ ಬಿಡಬೇಕು ಅನ್ನುವುದು ನಿಯಮ ಕೂಡ. ನಾನು ಬ್ರೇಕ್ ಒತ್ತಿದೆ. ಎಡಗಾಲಲ್ಲಿ. ಗೇರು ಮೂರರಿಂದ ಎರಡಕ್ಕೆ ಬಿತ್ತು, ಇಂಜಿನ್ ಕಿರುಚಿತು, ಹಿಂದಿನ ಚಕ್ರ ಟಕಟಕ ಅಂತ ಜಾರಿ ಬಲಕ್ಕೆ ಹೋಯಿತು. ನಿಂತಿಲ್ಲವಲ್ಲ ಅಂತ ಇನ್ನೂ ಜೋರಾಗಿ ಅದೇ ಕಾಲು ಒತ್ತಿದೆ. ಅಷ್ಟರಲ್ಲಿ ಬಲಗೈ ತಾನೇ ಮುಂದಿನ ಬ್ರೇಕ್ ಹಿಡಿದಿತ್ತು, ಲಿವರ್ ಬೆರಳಿನ ಕೆಳಗೆ ಗಡಗಡ ನಡುಗಿತು, ಅದು ಎಬಿಎಸ್, ಬ್ರೇಕ್ ಜೋರಾಗಿ ಹಿಡಿದರೂ ಚಕ್ರ ಕಚ್ಚಿಕೊಂಡು ಜಾರದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ. ನಮ್ಮ ಹಳೆ ಡ್ರಮ್ ಬ್ರೇಕಿನಲ್ಲಿ ಆಗಿದ್ದರೆ ನಾನು ಬಸ್ಸಿನ ಕೆಳಗೆ ಇರುತ್ತಿದ್ದೆ. ಬಂಪರಿಗೂ ನನ್ನ ಮಡ್‌ಗಾರ್ಡಿಗೂ ನಡುವೆ ಒಂದು ಗೇಣು ಇತ್ತು.

ಡ್ರೈವರ್ ಬೈಯಲಿಲ್ಲ. ಕಿಟಕಿಯಿಂದ ಬಗ್ಗಿ ನನ್ನ ಬಿಳಿ ಮೀಸೆ ನೋಡಿ, "ಗಾಡಿ ಹೊಸ್ದಾ ಸಾರ್?" ಅಂದ. ಹೌದು ಅಂದೆ.

ಎರಡು ಭಾನುವಾರ ಅಭ್ಯಾಸ ಮಾಡಿದ್ದು ಖಾಲಿ ಲೇಔಟಿನಲ್ಲಿ, ಹೆದರಿಕೆ ಇಲ್ಲದೆ. ಹೆದರಿಕೆ ಆದಾಗ ಕಾಲು ಹೋದದ್ದು 1999ಕ್ಕೆ. ಹಾಗಾಗಿ ಹಳೆ ಬುಲೆಟ್ ಓಡಿಸಿದವರು ದಯವಿಟ್ಟು ಕೇಳಿ. ಲೇಔಟಿನಲ್ಲಿ ಸುತ್ತು ಹೊಡೆಯುವುದು ಸಾಲದು. ನಲವತ್ತರ ವೇಗದಲ್ಲಿ ಹೋಗುತ್ತಾ, ಮಗನನ್ನೋ ಗೆಳೆಯನನ್ನೋ ದೂರದಲ್ಲಿ ನಿಲ್ಲಿಸಿ, ಅವರು ಯಾವಾಗಲೋ ಕೂಗಿದ ಕೂಡಲೇ ನಿಲ್ಲಿಸುವ ಅಭ್ಯಾಸ ಮಾಡಿ. ಐವತ್ತು ಸಲ, ನೂರು ಸಲ. ಬೋರ್ ಆಗುತ್ತೆ, ಆಗಲಿ. ನಾನು ವಾಪಸ್ ಬಂದ ಮೇಲೆ ಮಾಡಿದೆ, ಸುಮಾರು ಅರವತ್ತನೇ ಸಲಕ್ಕೆ ಎಡಗಾಲು ಸುಮ್ಮನಾಯಿತು. ಯೆಜ್ಡಿ, ಆರ್‌ಎಕ್ಸ್ 100 ಓಡಿಸಿದವರಿಗೆ ಈ ತೊಂದರೆ ಇಲ್ಲ, ಅವುಗಳ ಬ್ರೇಕು ಮೊದಲಿಂದಲೂ ಬಲಕ್ಕೇ ಇತ್ತು. ಆದರೆ ಟೂ ಸ್ಟ್ರೋಕಿನಲ್ಲಿ ಆಕ್ಸಿಲರೇಟರ್ ಬಿಟ್ಟರೂ ಗಾಡಿ ಓಡುತ್ತಲೇ ಇರುತ್ತಿತ್ತಲ್ವಾ, ಈಗಿನವು ಹಾಗಲ್ಲ, ಬಿಟ್ಟ ಕೂಡಲೇ ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಘಟ್ಟ ಇಳಿಯುವಾಗ ಅದು ಒಳ್ಳೆಯದೇ.

ಚಾರ್ಮಾಡಿ ಇಳಿದು ಉಜಿರೆ ಕಡೆ ಹೋಗುವಾಗ ಎಡಗಡೆ ಒಂದು ಹಂಚಿನ ಹೋಟೆಲು. ಬೋರ್ಡ್ ಇಲ್ಲ, ಎರಡು ಬೆಂಚು, ಹೊರಗೆ ಒಂದು ಹಲಸಿನ ಮರ. ಅಷ್ಟೇ ಗುರುತು. ಕೈ ಇನ್ನೂ ನಡುಗುತ್ತಿತ್ತು. ನಿಂತುಕೊಂಡೇ ಒಂದು ಚಹಾ ಕೇಳಿದೆ. ಒಳಗಿದ್ದ ಅಕ್ಕ ನನ್ನ ಕೈ ನೋಡಿದರು, ಲೋಟ ಕೈಗೆ ಕೊಡಲಿಲ್ಲ, ಬೆಂಚಿನ ಮೇಲೆ ಇಟ್ಟರು. "ಕೂತ್ಕೊಳ್ಳಿ ಮಾರಾಯ್ರೆ, ಎಂತ ಅರ್ಜೆಂಟು?"

ಕೂತೆ, ಒಂದೂವರೆ ಗಂಟೆ ಕೂತೆ. ಅವರು ನೀರ್ ದೋಸೆ ಮಾಡುವುದನ್ನು ನೋಡುತ್ತಾ ಕೂತಿದ್ದೇ ನನಗೆ ಈ ಪ್ರವಾಸದಲ್ಲಿ ಅತಿ ಇಷ್ಟವಾದ ಹೊತ್ತು. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಕಾವಲಿ ಉಜ್ಜುತ್ತಾರೆ, ಹಿಟ್ಟನ್ನು ಎತ್ತರದಿಂದ ಎರಚಿದ ಹಾಗೆ ಹೊಯ್ಯುತ್ತಾರೆ, ಸವರುವುದಿಲ್ಲ. ಚುಂಯ್ ಅಂತ ತೂತು ತೂತಾಗುತ್ತದೆ. ಮುಚ್ಚಳ ತೆಗೆದು ನಾಲ್ಕು ಮಡಿಕೆ ಮಾಡಿ ಎಲೆಗೆ ಹಾಕಿದರೆ ಆ ಬಿಳಿ ದೋಸೆಯ ಹಿಂದೆ ಬಾಳೆ ಎಲೆಯ ಹಸಿರು ಕಾಣಬೇಕು, ಅಷ್ಟು ತೆಳು. ಜೊತೆಗೆ ಹಸಿಮೆಣಸು ಹಾಕಿದ ತೆಂಗಿನಕಾಯಿ ಚಟ್ನಿ, ಆಮೇಲೆ ಕೇಳದೆಯೇ ಒಂದು ಮುಷ್ಟಿ ಕಾಯಿ ಬೆಲ್ಲ. ನಾನು ಲೆಕ್ಕ ಬಿಟ್ಟೆ, ಅವರು ಬಿಟ್ಟಿರಲಿಲ್ಲ: ಒಂಬತ್ತು ದೋಸೆ, ಒಂದು ಪ್ಲೇಟು ಗೋಳಿಬಜೆ, ಮೂರು ಚಹಾ, 140 ರೂಪಾಯಿ. ಹಿಂದಿನ ರಾತ್ರಿಯ ಕ್ಯಾಂಪ್‌ಫೈರಿಗಿಂತ ಎಷ್ಟು ಕಮ್ಮಿ ನೋಡಿ. ಒದ್ದೆ ಗ್ಲೌಸನ್ನು ಅವರೇ ಒಲೆಯ ಪಕ್ಕ ಒಣಗಲು ಇಟ್ಟರು. ವಾಪಸ್ ಹಾಕಿಕೊಂಡಾಗ ಹೊಗೆ ವಾಸನೆ, ಬೆಚ್ಚಗೆ. ಬೆಳಗ್ಗೆ ಎಂಟರಿಂದ ಹನ್ನೊಂದರ ಒಳಗೆ ಹೋದರೆ ದೋಸೆ ಸಿಗುತ್ತದಂತೆ, ಹಿಟ್ಟು ಮುಗಿದರೆ ಮುಗಿಯಿತು.

ಹೆಬ್ರಿಯಲ್ಲಿ ಲಾಡ್ಜು, ವಿಶೇಷ ಏನಿಲ್ಲ. ಆಗುಂಬೆಯನ್ನು ಸೋಮೇಶ್ವರದ ಕಡೆಯಿಂದ ಬೆಳಗ್ಗೆ ಏಳಕ್ಕೆ ಹತ್ತಿದೆ. 14 ಹೇರ್‌ಪಿನ್, ಭಾರಿ ಗಾಡಿಗಳನ್ನು ಬಿಡುವುದಿಲ್ಲ, ಹಾಗಾಗಿ ಚಾರ್ಮಾಡಿಗಿಂತ ಮನಸ್ಸು ಹಗುರ. ಹೊಸದಾಗಿ ಶುರು ಮಾಡಿದವರು ಮೊದಲಿಗೇ ಘಟ್ಟ ಇಳಿಯಬಾರದು, ನಾನು ಅದನ್ನೇ ಮಾಡಿದೆ. ಅಂದರೆ ನೀವು ಈ ಸುತ್ತನ್ನು ಶಿರಾಡಿ ಅಥವಾ ಚಾರ್ಮಾಡಿಯಿಂದ ಇಳಿಯದೆ, ಶೃಂಗೇರಿ ಕಡೆ ಮೇಲೇ ಇದ್ದುಕೊಂಡು ಕೈ ಪಳಗಿಸಿ, ಕೊನೆಗೆ ಇಳಿಯಿರಿ. ಒಂದು ತಿರುವಿನಲ್ಲಿ ಯಾರೋ ಕಾರು ನಿಲ್ಲಿಸಿ ಮಂಗಗಳಿಗೆ ಬಿಸ್ಕತ್ತು ಹಾಕುತ್ತಿದ್ದರು, ಇಪ್ಪತ್ತು ಮಂಗ ನಡು ರಸ್ತೆಯಲ್ಲಿ. ಎರಡನೇ ಗೇರಿನಲ್ಲಿ ಹೋಗುತ್ತಿದ್ದೆ, ನಿಲ್ಲಿಸಿದೆ. ಬಲಗಾಲಲ್ಲೇ ನಿಲ್ಲಿಸಿದೆ, ಸಂತೋಷಕ್ಕೆ ಹಾರ್ನ್ ಹೊಡೆಯಲು ಮರೆತೆ.

ಶೃಂಗೇರಿಯ ಎರಡು ದಿನ ಹೆಂಡತಿ ಜೊತೆ, ಅದು ಇಲ್ಲಿ ಬೇಡ. ಅವಳ ಬಸ್ಸು ಸರಿಯಾದ ಸಮಯಕ್ಕೆ ಬಂದಿತ್ತು, ಚೆನ್ನಾಗಿ ನಿದ್ದೆಯೂ ಮಾಡಿದ್ದಳು, ಅಷ್ಟು ಹೇಳಿದರೆ ಸಾಕು.

ಬೆಂಗಳೂರಿಗೆ ಬಂದು ಗಾಡಿ ವಾಪಸ್ ಕೊಟ್ಟೆ. ಡಿಪಾಸಿಟ್ 5,000 ಕೊಟ್ಟಿದ್ದೆ. ತೆಗೆದುಕೊಳ್ಳುವಾಗ ಫೋಟೋ ತೆಗೆದಿದ್ದೆ, ಎಲ್ಲರೂ ಹೇಳುವ ಹಾಗೆ. ಆದರೆ ಅವರು ಗಾಡಿಯನ್ನು ಬಲಗಡೆ ಗೋಡೆಗೆ ತಾಗಿಸಿ ನಿಲ್ಲಿಸಿದ್ದರು, ಆ ಪಕ್ಕದ ಒಂದು ಫೋಟೋವೂ ನನ್ನ ಹತ್ತಿರ ಇರಲಿಲ್ಲ. ಗಾಡಿಯನ್ನು ಬಯಲಿಗೆ ತಳ್ಳಿಸಿ ಸುತ್ತಲೂ ವಿಡಿಯೋ ಮಾಡಿ. ಹುಡುಗ ನೇರ ಬಲಗಡೆಗೇ ಹೋದ, ಸೈಲೆನ್ಸರ್ ಹತ್ತಿರ ಕೂತು ಒಂದು ಹಳೆ ಗೀರಿನ ಮೇಲೆ ಉಗುರು ಎಳೆದು ತೋರಿಸಿದ. 1,500 ರೂಪಾಯಿ ಕಡಿತ. ಇದು ನಾನು ಮಾಡಿದ್ದಲ್ಲಪ್ಪ ಅಂತ ಬಾಯಿ ತೆಗೆದವನು, ಮೂಡಿಗೆರೆಯ ಕೆಮ್ಮಣ್ಣು ಇನ್ನೂ ಅಂಟಿಕೊಂಡಿದ್ದ ಎಡಗಡೆ ಲೆಗ್ ಗಾರ್ಡ್ ನೆನಪಾಗಿ ಮುಚ್ಚಿಕೊಂಡೆ. ಅವನು ಆ ಕಡೆ ಬಗ್ಗಿ ನೋಡಲೇ ಇಲ್ಲ. 3,500 ಎಣಿಸಿಕೊಂಡು ಆಟೋ ಹತ್ತಿದೆ.