ನೀರಿನಲ್ಲಿ ಕರಗದ ಉಂಡೆ

ಮಿರ್ಜಾನಿನ ನಮ್ಮ ಹಳೆಯ ಮನೆಯ ಹಿಂಗೋಡೆ ಚಿರೆಕಲ್ಲಿನದು. ನಾಲ್ಕು ವರ್ಷಗಳ ಹಿಂದೆ ನಾನೇ ಹಟ ಹಿಡಿದು ಅದಕ್ಕೆ ಸಿಮೆಂಟ್ ಗಿಲಾವು ಮಾಡಿಸಿದ್ದೆ. ಈ ಸಲದ ಮಳೆಗಾಲ ಮುಗಿಯುವಷ್ಟರಲ್ಲಿ ಅದು ಹಪ್ಪಳದಂತೆ ಉಬ್ಬಿ, ಬೆರಳು ತಾಗಿಸಿದರೆ ಕಳಚಿ ಬೀಳತೊಡಗಿತು. ಒಳಗಿನ ಕಲ್ಲು ದೀಪಾವಳಿಗೂ ಒದ್ದೆಯಾಗಿಯೇ ಇತ್ತು.

ನೋಡಲು ಬಂದ ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಗೋಡೆಗೆ ಅಂಗೈ ಒತ್ತಿ, "ಈ ಕಲ್ಲು ನೀರು ಕುಡಿಯುತ್ತದೆ ತಂಗಿ, ಕುಡಿದದ್ದನ್ನು ಬಿಡುವುದಕ್ಕೂ ದಾರಿ ಬೇಕಲ್ಲ" ಎಂದರು. ಬಳಚಿನ ಚಿಪ್ಪು ಸುಟ್ಟ ಸುಣ್ಣಕ್ಕೆ ಸುರ್ಕಿ ಬೆರೆಸಿ ಗಾರೆ ಮಾಡೋಣವೆಂಬುದು ಅವರ ಸಲಹೆ. ಸುರ್ಕಿಯೆಂದರೆ ಬೆಂದ ಮಣ್ಣಿನ ಪುಡಿ. ಹಿತ್ತಿಲಿನಲ್ಲಿ ಒಡೆದ ಹೆಂಚಿನ ರಾಶಿಯೇ ಇತ್ತು. ಅವರು ಒಂದೊಂದೇ ಚೂರನ್ನು ಬೆಳಕಿಗೆ ಹಿಡಿದು ಆರಿಸಿದರು. ಕಪ್ಪಗೆ ಕರಕಲಾದದ್ದೆಲ್ಲ ಪಕ್ಕಕ್ಕೆ ಹೋಯಿತು. "ಹದ ಮೀರಿ ಬೆಂದರೆ ಮಣ್ಣು ಸತ್ತ ಹಾಗೆ. ಸುಣ್ಣವನ್ನು ಹಿಡಿಯುವುದಿಲ್ಲ."

ನನಗೆ ಕಣ್ಣಾರೆ ನೋಡಬೇಕೆನಿಸಿತು. ಒಂದು ಕರಟದಲ್ಲಿ ಬರೀ ಸುಣ್ಣದ ಉಂಡೆ, ಇನ್ನೊಂದರಲ್ಲಿ ಸುಣ್ಣ, ಸುರ್ಕಿ ಕಲಸಿದ ಉಂಡೆ ಇಟ್ಟು, ಒದ್ದೆ ಗೋಣಿ ಹೊದಿಸಿ ಹತ್ತು ದಿನ ಬಿಟ್ಟೆ. ಹನ್ನೊಂದನೆಯ ಬೆಳಿಗ್ಗೆ ಎರಡಕ್ಕೂ ನೀರು ತುಂಬಿದೆ. ಸಂಜೆಯ ಹೊತ್ತಿಗೆ ಬರೀ ಸುಣ್ಣದ್ದು ಕದಡಿ ಮಜ್ಜಿಗೆಯಂತಾಗಿತ್ತು. ಸುರ್ಕಿಯದರ ಮೇಲೆ ನೀರು ತಿಳಿಯಾಗಿಯೇ ನಿಂತಿತ್ತು; ಉಗುರಿನಿಂದ ಕೆರೆದರೂ ಉಂಡೆ ಜಗ್ಗಲಿಲ್ಲ.

ಬೆಂದ ಮಣ್ಣು ಸುಣ್ಣದೊಡನೆ ಸೇರಿ ನೀರಿಗೂ ಜಗ್ಗದಂತೆ ಗಟ್ಟಿಯಾಗುವ ಈ ಗುಣವನ್ನೇ ಇವತ್ತು ಜಗತ್ತು ಹುಡುಕುತ್ತಿದೆ. ಪುಡಿ ಮಾಡಿದರೆ ಸಿಮೆಂಟಾಗುವ ಸುಟ್ಟ ಗಟ್ಟಿಗಳಿಗೆ ಕ್ಲಿಂಕರ್ ಎನ್ನುತ್ತಾರೆ; ಅದು ತಯಾರಾಗಲು ಸುಮಾರು 1,450 ಡಿಗ್ರಿ ಕಾವು ಬೇಕು. ಉರುವಲಿನ ಹೊಗೆಯ ಜೊತೆಗೆ ಸುಣ್ಣದ ಕಲ್ಲೂ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಕೆಯೊಲಿನ್ ಎಂಬ ಬಿಳಿ ಖನಿಜ ಇರುವ ಜೇಡಿಮಣ್ಣಿಗಾದರೆ 700ರಿಂದ 850 ಡಿಗ್ರಿ ಸಾಕು, ಮಣ್ಣಿನಿಂದ ಹೊರಡುವುದು ಬರೀ ನೀರಿನ ಆವಿ. ಕಾವು ಅದಕ್ಕಿಂತ ತೀರಾ ಏರಿದರೆ ಅದರ ಚುರುಕು ಹೋಗುತ್ತದೆ. ಮೇಸ್ತ್ರಿ ಎಸೆದ ಕಪ್ಪು ಚೂರುಗಳು ನೆನಪಾಗಿ ಮೈ ಜುಮ್ಮೆಂದಿತು. ಸುಟ್ಟ ಜೇಡಿಮಣ್ಣು, ಸುಣ್ಣಕಲ್ಲಿನ ಪುಡಿ ಸೇರಿದ ಎಲ್‌ಸಿ3 ಸಿಮೆಂಟಿನಲ್ಲಿ ಕ್ಲಿಂಕರ್ ಅರ್ಧದಷ್ಟಿದ್ದರೆ ಸಾಕು. ಇಂಗಾಲದ ಹೊರೆಯಲ್ಲಿ ಶೇಕಡಾ 40ರವರೆಗೆ ಕಡಿತವಾಗುತ್ತದೆ. ದೆಹಲಿ, ಮದ್ರಾಸಿನ ಐಐಟಿಗಳೂ ಇದಕ್ಕಾಗಿ ದುಡಿದಿವೆ, 2023ರಲ್ಲಿ ಭಾರತೀಯ ಮಾನಕವೂ ಬಂದಿದೆ. ಆದರೂ ನಮ್ಮೂರಿನ ಅಂಗಡಿಯಲ್ಲಿ ಕೇಳಿದರೆ ಹೆಸರೇ ಗೊತ್ತಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಗೋಡೆ ಮುಗಿಯಲು ಆರು ದಿನ ಹಿಡಿಯಿತು. ಗಾರೆ ನಿಧಾನವಾಗಿ ಗಟ್ಟಿಯಾಗುತ್ತದೆ, ದಿನವೂ ನೀರು ಚಿಮುಕಿಸಬೇಕು. ಅವಸರದವರಿಗೆ ಇದು ಒಗ್ಗದು.

ಪಕ್ಕದ ಮನೆಯವರು ಬಾವಿ ತೋಡಿದಾಗ ಚಿರೆಕಲ್ಲಿನ ಪದರದಡಿಯಿಂದ ಬಂದ ಶೇಡಿಮಣ್ಣು ಬೇಲಿಯ ಬದಿಯಲ್ಲಿ ಇನ್ನೂ ಬಿದ್ದಿದೆ, ಹಸೆ ಬರೆಯಲು ಬಳಸುವಂಥ ಬಿಳಿ ಮಣ್ಣು. ಒಂದು ಬುಟ್ಟಿ ಕೇಳಿ ತಂದಿದ್ದೇನೆ. ಕುಂಬಾರರು ಮುಂದಿನ ಆವಿಗೆಯಲ್ಲಿ ಮಡಕೆಗಳ ನಡುವೆ ಇಟ್ಟು ಬೇಯಿಸಿಕೊಡಲು ಒಪ್ಪಿದ್ದಾರೆ. ಮೂರನೆಯ ಕರಟವನ್ನು ತೊಳೆದು ಕವುಚಿಟ್ಟಿದ್ದೇನೆ.