ಸೇಲ್ಸ್‌ಫೋರ್ಸನ್ನು ಸೇಲ್‌ಪಾಯಿಂಟ್‌ಗೆ ಜೋಡಿಸುವಾಗ ಕೆಲಸ ಬಿಟ್ಟುಹೋಗುವವರಿಂದ ಶುರುಮಾಡಿ

ಶಿರಸಿಯಲ್ಲಿ ತೋಟದ ಪಂಪು-ಪೈಪು, ಕಾರವಾರ-ಅಂಕೋಲಾ ಕಡೆ ದೋಣಿ ಎಂಜಿನ್ನಿನ ಬಿಡಿಭಾಗ ಮಾರುವ ಒಂದು ಕಂಪನಿ ಇದೆ ಎಂದುಕೊಳ್ಳಿ. ಗ್ರಾಹಕರ ಮತ್ತು ಮಾರಾಟದ ದಾಖಲೆ ಇಡುವ ಸೇಲ್ಸ್‌ಫೋರ್ಸ್ ಸಾಫ್ಟ್‌ವೇರನ್ನು ಮುನ್ನೂರು ಜನ ಬಳಸುತ್ತಾರೆ, ಹೆಚ್ಚಿನವರು ಮೊಬೈಲಿನಲ್ಲೇ. ಒಬ್ಬರು ಕೆಲಸ ಬಿಟ್ಟರು. ಐಟಿಯವರು ಅವರ ಕಂಪನಿ ಲಾಗಿನ್ ಮುಚ್ಚಿದರು, ಸಿಂಗಲ್ ಸೈನ್-ಆನ್ (ಒಂದೇ ಕಂಪನಿ ಲಾಗಿನ್ನಿನಿಂದ ಎಲ್ಲ ಸಾಫ್ಟ್‌ವೇರಿಗೂ ಪ್ರವೇಶ) ನಿಂತಿತು, ಅಲ್ಲಿಗೆ ಮುಗಿಯಿತು ಎಂದುಕೊಂಡರು. ಮುಗಿದಿರುವುದಿಲ್ಲ. ಫೋನಿನಲ್ಲಿರುವ ಆ್ಯಪ್ ಮೊದಲೇ ಪಡೆದಿಟ್ಟ ರಿಫ್ರೆಶ್ ಟೋಕನ್ (ಮತ್ತೆ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುವ ಡಿಜಿಟಲ್ ಚೀಟಿ) ಮೇಲೆ ನಡೆಯುತ್ತಿರುತ್ತದೆ, ಪ್ರತಿ ಸಲ ಸಿಂಗಲ್ ಸೈನ್-ಆನ್ ಕಡೆ ಹೋಗುವುದಿಲ್ಲ. ಡೀಲರುಗಳ ಪಟ್ಟಿ, ದರ, ರಿಯಾಯಿತಿ ಎಲ್ಲ ಇನ್ನೂ ಅವರ ಕೈಯಲ್ಲೇ ಇದೆ. ಆ ಟೋಕನ್ ರದ್ದಾಗಬೇಕು, ಇಲ್ಲವೇ ಸೇಲ್ಸ್‌ಫೋರ್ಸ್ ಒಳಗಿನ ಖಾತೆಯೇ ನಿಷ್ಕ್ರಿಯವಾಗಬೇಕು.

ಸೇಲ್‌ಪಾಯಿಂಟಿನಂಥ ಐಡೆಂಟಿಟಿ ಗವರ್ನೆನ್ಸ್ ಸಾಫ್ಟ್‌ವೇರಿಗೆ (ಯಾರಿಗೆ ಯಾವ ಖಾತೆ, ಯಾವ ಅಧಿಕಾರ ಇದೆಯೆಂದು ನೋಡಿಕೊಳ್ಳುವಂಥದ್ದು) ಜೋಡಿಸುವ ದೊಡ್ಡ ಲಾಭ ಇದೇ. ಹಾಗಾಗಿ ವಿನ್ಯಾಸವನ್ನೂ ಇಲ್ಲಿಂದಲೇ ಶುರುಮಾಡಬೇಕು. ಹೊಸಬರ ಖಾತೆ ತೆರೆಯುವ ಭಾಗವನ್ನು ಎಲ್ಲರೂ ಮೊದಲು ಮಾಡಿ ತೋರಿಸುತ್ತಾರೆ. ಅದು ಸುಲಭ.

ಸೇಲ್ಸ್‌ಫೋರ್ಸ್‌ನಲ್ಲಿ ಬಳಕೆದಾರರ ದಾಖಲೆಯನ್ನು ಅಳಿಸಲು ಬರುವುದಿಲ್ಲ. ನಿಷ್ಕ್ರಿಯ ಮಾಡಬಹುದು, ಅಷ್ಟೆ. ಗವರ್ನೆನ್ಸ್ ಕಡೆ ಡಿಲೀಟ್ ಎಂಬ ಕ್ರಿಯೆ ಇದ್ದರೆ ಅದನ್ನು ಡಿಸೇಬಲ್‌ಗೆ ತಿರುಗಿಸಿಟ್ಟುಕೊಳ್ಳಿ. ನಿಷ್ಕ್ರಿಯ ಮಾಡುವುದೂ ಯಾವಾಗಲೂ ಒಂದೇ ಏಟಿಗೆ ಆಗುವುದಿಲ್ಲ. ಆ ವ್ಯಕ್ತಿ ಡೀಫಾಲ್ಟ್ ಲೀಡ್ ಓನರ್, ಡೀಫಾಲ್ಟ್ ಕೇಸ್ ಓನರ್ ಅಥವಾ ಡೀಫಾಲ್ಟ್ ವರ್ಕ್‌ಫ್ಲೋ ಯೂಸರ್ ಆಗಿದ್ದರೆ, ಇಲ್ಲವೇ ಯಾವುದೋ ಇಮೇಲ್ ಅಲರ್ಟ್‌ಗೆ ಅವರೊಬ್ಬರೇ ಸ್ವೀಕರಿಸುವವರಾಗಿದ್ದರೆ ಸೇಲ್ಸ್‌ಫೋರ್ಸ್ ನಿರಾಕರಿಸುತ್ತದೆ. ಗವರ್ನೆನ್ಸ್ ಕಡೆಯಲ್ಲಿ ಒಂದು ಎರರ್ ಸಾಲು ಬೀಳುತ್ತದೆ, ಯಾರೂ ನೋಡುವುದಿಲ್ಲ, ಖಾತೆ ತೆರೆದೇ ಇರುತ್ತದೆ.

ಅದಕ್ಕೆ ಎರಡು ಹಂತ ಇಡಿ. ಕೆಲಸ ಬಿಡುವ ಹೊತ್ತಿಗೆ ಮೊದಲು ಫ್ರೀಜ್: ಯೂಸರ್‌ಲಾಗಿನ್ ಆಬ್ಜೆಕ್ಟಿನಲ್ಲಿ ಇಸ್‌ಫ್ರೋಜನ್ ಎಂಬುದನ್ನು ಟ್ರೂ ಮಾಡಿದರೆ ಹೊಸ ಲಾಗಿನ್ ನಿಲ್ಲುತ್ತದೆ, ಮೇಲಿನ ಯಾವ ತಡೆಯೂ ಇದಕ್ಕೆ ಅಡ್ಡ ಬರುವುದಿಲ್ಲ. ಜೊತೆಗೇ ಆ ಬಳಕೆದಾರರ ಓಆತ್ ಟೋಕನ್‌ಗಳನ್ನೂ (ಮೇಲೆ ಹೇಳಿದ ರಿಫ್ರೆಶ್ ಟೋಕನ್ ಇವುಗಳಲ್ಲೊಂದು) ರದ್ದು ಮಾಡಿ. ಆಮೇಲೆ ಅವರ ಹೆಸರಿನಲ್ಲಿರುವ ಅಕೌಂಟ್ (ಗ್ರಾಹಕರ ದಾಖಲೆ), ಆಪರ್ಚುನಿಟಿ (ಮಾತುಕತೆಯಲ್ಲಿರುವ ಮಾರಾಟ), ಲೀಡ್‌ಗಳನ್ನು (ಮುಂದೆ ಗ್ರಾಹಕರಾಗಬಹುದಾದವರು) ಬೇರೆಯವರಿಗೆ ವರ್ಗಾಯಿಸಿ, ಕಾಯುತ್ತಿರುವ ಅಪ್ರೂವಲ್ ತೆರವುಗೊಳಿಸಿ, ಅವರ ಹೆಸರಿನಲ್ಲಿ ಓಡುವ ಡ್ಯಾಶ್‌ಬೋರ್ಡ್ ಮತ್ತು ಶೆಡ್ಯೂಲ್ ಆದ ಕೆಲಸಗಳನ್ನು ಬದಲಿಸಿ. ಕೊನೆಗೆ ಇಸ್‌ಆಕ್ಟಿವ್ ಅನ್ನು ಫಾಲ್ಸ್ ಮಾಡಿ. ಫ್ರೀಜ್ ಮಾಡಿದ ಖಾತೆ ಲೈಸೆನ್ಸ್ ಹಿಡಿದುಕೊಂಡೇ ಇರುತ್ತದೆ, ಹಾಗಾಗಿ ಎರಡನೇ ಹಂತಕ್ಕೆ ಒಂದು ಗಡುವು ಬೇಕು. ಏಳು ದಿನ ಸಾಕೆಂದು ನಮ್ಮ ಅಭಿಪ್ರಾಯ.

ಬಿಟ್ಟವರು ಮರಳಿ ಬಂದರೆ? ಹಳೆಯ ಖಾತೆ ಅಲ್ಲೇ ಇದೆ. ಹೊಸದು ತೆರೆಯಲು ಹೋದರೆ ಡುಪ್ಲಿಕೇಟ್ ಯೂಸರ್‌ನೇಮ್ ಎರರ್ ಬರುತ್ತದೆ. ಹಳೆಯದನ್ನೇ ಹುಡುಕಿ ಸಕ್ರಿಯಗೊಳಿಸುವ ನಿಯಮ ಬೇಕು, ಅಂದರೆ ಅಗ್ರಿಗೇಶನ್‌ನಲ್ಲಿ (ಸೇಲ್ಸ್‌ಫೋರ್ಸ್ ಖಾತೆಗಳ ಪಟ್ಟಿಯನ್ನು ಸೇಲ್‌ಪಾಯಿಂಟ್‌ಗೆ ಓದಿ ತರುವಾಗ) ನಿಷ್ಕ್ರಿಯ ಖಾತೆಗಳನ್ನೂ ತರಬೇಕು. ಸಕ್ರಿಯರನ್ನಷ್ಟೇ ತರುವ ಫಿಲ್ಟರ್ ಹಾಕಿ ಪಟ್ಟಿ ಚೊಕ್ಕ ಮಾಡುವವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಇನ್ನು ಹೊಂದಾಣಿಕೆ. ಸೇಲ್ಸ್‌ಫೋರ್ಸ್ ಖಾತೆ ಯಾವ ನೌಕರರದ್ದು ಎಂದು ತಿಳಿಯಲು ಹೆಸರನ್ನು ನಂಬಬೇಡಿ. ನಮ್ಮ ಜಿಲ್ಲೆಯ ಯಾವ ಕಚೇರಿಯಲ್ಲೂ ಹೆಗಡೆ, ಭಟ್, ನಾಯ್ಕ, ಗೌಡ ಎಂಬ ಅಡ್ಡಹೆಸರಿನವರು ಎಷ್ಟೋ ಜನ, ಇನಿಶಿಯಲ್ಲೂ ಒಂದೇ ಆಗಿರುತ್ತದೆ. ಇಮೇಲ್ ಕೂಡ ಕೈಕೊಡುತ್ತದೆ: ಸ್ಯಾಂಡ್‌ಬಾಕ್ಸ್ (ಪರೀಕ್ಷೆಗೆಂದು ಮಾಡುವ ನಕಲು ವ್ಯವಸ್ಥೆ) ಮಾಡಿದಾಗ ಬಳಕೆದಾರರ ಇಮೇಲಿನ ಕೊನೆಗೆ ಡಾಟ್ ಇನ್‌ವ್ಯಾಲಿಡ್ ಸೇರುತ್ತದೆ, ಯೂಸರ್‌ನೇಮಿಗೆ ಸ್ಯಾಂಡ್‌ಬಾಕ್ಸ್ ಹೆಸರು ಅಂಟುತ್ತದೆ, ಪರೀಕ್ಷೆಯಲ್ಲಿ ಯಾರೂ ಹೊಂದುವುದಿಲ್ಲ. ಫೆಡರೇಶನ್ ಐಡಿ ಎಂಬ ಫೀಲ್ಡಿನಲ್ಲಿ ನೌಕರರ ಸಂಖ್ಯೆ ತುಂಬಿ ಅದರ ಮೇಲೆ ಹೊಂದಿಸಿ. ಸಿಂಗಲ್ ಸೈನ್-ಆನ್ ಈಗಾಗಲೇ ಆ ಫೀಲ್ಡಿನಲ್ಲಿ ಬೇರೇನಾದರೂ ಬಳಸುತ್ತಿದ್ದರೆ ಅದನ್ನು ಮುಟ್ಟದೆ ನೌಕರರ ಸಂಖ್ಯೆಯ ಫೀಲ್ಡ್ ಬಳಸಿ. ಮೊದಲ ಸಲ ಎಕ್ಸೆಲ್‌ನಲ್ಲಿ ಹೊಂದಿಸುವಾಗ ಒಂದು ಎಚ್ಚರ: ರಿಪೋರ್ಟಿನಿಂದ ಬರುವ ಐಡಿ 15 ಅಕ್ಷರದ್ದು, ಅದರಲ್ಲಿ ದೊಡ್ಡಕ್ಷರ-ಚಿಕ್ಕಕ್ಷರ ಬೇರೆ ಬೇರೆ. ಎಕ್ಸೆಲ್‌ನಲ್ಲಿ ಹುಡುಕಿ ಹೊಂದಿಸುವ ವಿಲುಕಪ್ ಆ ವ್ಯತ್ಯಾಸ ನೋಡುವುದಿಲ್ಲ. ಎಪಿಐ (ಬೇರೆ ಸಾಫ್ಟ್‌ವೇರ್ ನೇರವಾಗಿ ಮಾತಾಡುವ ದಾರಿ) ಕೊಡುವ 18 ಅಕ್ಷರದ ಐಡಿಯನ್ನೇ ಬಳಸಿ.

ಈಗ ಅಧಿಕಾರಗಳು. ಕಷ್ಟವೆಲ್ಲ ಇಲ್ಲಿದೆ. ಪ್ರತಿ ಬಳಕೆದಾರರಿಗೂ ಒಂದು ಪ್ರೊಫೈಲ್ (ಮೂಲ ಅಧಿಕಾರಗಳ ಕಟ್ಟು) ಇರಲೇಬೇಕು, ಒಂದೇ ಇರಬೇಕು. ಅದನ್ನು ತೆಗೆಯಲಾಗದು, ಬದಲಿಸಬಹುದು. ಸರ್ಟಿಫಿಕೇಶನ್‌ನಲ್ಲಿ (ಯಾರಿಗೆ ಯಾವ ಅಧಿಕಾರ ಉಳಿಯಬೇಕೆಂದು ಪರಿಶೀಲಿಸುವಾಗ) ಮ್ಯಾನೇಜರ್ ಪ್ರೊಫೈಲಿನ ಎದುರು ರಿವೋಕ್ (ಹಿಂಪಡೆ) ಒತ್ತಿದರೆ ಆ ಆಜ್ಞೆ ಸೇಲ್ಸ್‌ಫೋರ್ಸ್‌ನಲ್ಲಿ ವಿಫಲವಾಗುತ್ತದೆ. ಎಲ್ಲರಿಗೂ ಮಿನಿಮಮ್ ಆ್ಯಕ್ಸೆಸ್ ಪ್ರೊಫೈಲನ್ನು ತಳಹದಿಯಾಗಿ ಕೊಟ್ಟು, ಉಳಿದ ಅಧಿಕಾರವನ್ನೆಲ್ಲ ಪರ್ಮಿಶನ್ ಸೆಟ್ (ಬೇಕಾದಾಗ ಸೇರಿಸಿ ತೆಗೆಯಬಹುದಾದ ಅಧಿಕಾರಗಳ ಕಟ್ಟು) ಮತ್ತು ಅಂಥವುಗಳ ಗುಂಪಾದ ಪರ್ಮಿಶನ್ ಸೆಟ್ ಗ್ರೂಪ್‌ಗೆ ಸರಿಸುವುದೇ ಸರಿ. ಹಳೆಯ ವ್ಯವಸ್ಥೆಯಲ್ಲಿ ಇದು ತಿಂಗಳುಗಟ್ಟಲೆ ಹಿಡಿಯುವ ಕೆಲಸ, ಆದರೂ ಮಾಡಿ.

ಪರ್ಮಿಶನ್ ಸೆಟ್‌ಗಳ ಪಟ್ಟಿ ತರುವಾಗ ಇಸ್‌ಓನ್ಡ್‌ಬೈಪ್ರೊಫೈಲ್ ಫಾಲ್ಸ್ ಇರುವವನ್ನು ಮಾತ್ರ ತನ್ನಿ. ಪ್ರತಿ ಪ್ರೊಫೈಲಿನ ಹಿಂದೆ ಕಾಣದ ಒಂದು ಪರ್ಮಿಶನ್ ಸೆಟ್ ಇರುತ್ತದೆ. ಸೋಸದಿದ್ದರೆ ಅರ್ಥವಾಗದ ಹೆಸರಿನ ಹತ್ತಾರು ಸಾಲು ಪರಿಶೀಲಕರ ಮುಂದೆ ಬರುತ್ತವೆ. ಗ್ರೂಪ್‌ಗಳಿಗೂ ಇದೇ ಥರದ ನೆರಳು ಸೆಟ್ ಇದೆ, ಟೈಪ್ ನೋಡಿ ಬಿಡಿಸಿ.

ರೋಲ್, ಪಬ್ಲಿಕ್ ಗ್ರೂಪ್, ಕ್ಯೂ ಇವನ್ನೂ ಅಧಿಕಾರವೆಂದೇ ಲೆಕ್ಕಕ್ಕೆ ತನ್ನಿ. ಘಟ್ಟದ ಮೇಲೆ ಶಿರಸಿಯಲ್ಲಿದ್ದವರು ಘಟ್ಟದ ಕೆಳಗೆ ಕಾರವಾರಕ್ಕೆ ವರ್ಗವಾದರು. ರೋಲ್ ಬದಲಾಯಿತು. ಶಿರಸಿ-ಸಿದ್ದಾಪುರ ಡೀಲರುಗಳ ಪಬ್ಲಿಕ್ ಗ್ರೂಪಿನಿಂದ ಹೆಸರು ತೆಗೆಯಲಿಲ್ಲ. ಶೇರಿಂಗ್ ರೂಲ್ (ಯಾವ ದಾಖಲೆ ಯಾರಿಗೆ ಕಾಣಬೇಕೆಂಬ ನಿಯಮ) ಆ ಗ್ರೂಪಿನ ಮೇಲೆ ನಿಂತಿದ್ದರೆ ಎರಡೂ ಕಡೆಯ ದಾಖಲೆ ಕಾಣುತ್ತಲೇ ಇರುತ್ತದೆ. ಪರ್ಮಿಶನ್ ಸೆಟ್ ಅಷ್ಟೇ ನೋಡುವ ಗವರ್ನೆನ್ಸಿಗೆ ಇದು ಗೊತ್ತೇ ಆಗದು.

ಸಂಪರ್ಕದ ಖಾತೆಯ ಬಗ್ಗೆ. ಒಬ್ಬ ಅಡ್ಮಿನ್‌ನ ಸ್ವಂತ ಖಾತೆ ಬಳಸಬೇಡಿ, ಅವರು ಬಿಟ್ಟ ದಿನ ಎಲ್ಲ ನಿಲ್ಲುತ್ತದೆ. ಎಪಿಐಗಷ್ಟೇ ಮೀಸಲಾದ ಬೇರೆ ಬಳಕೆದಾರ ಇರಲಿ. ಎಪಿಐ ಎನೇಬಲ್ಡ್, ವ್ಯೂ ಸೆಟಪ್, ಮ್ಯಾನೇಜ್ ಯೂಸರ್ಸ್ ಮತ್ತು ಅದರೊಂದಿಗೆ ಬರುವ ಅನುಮತಿಗಳು ಸಾಕು, ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಬೇಡ. ಆದರೂ ಮ್ಯಾನೇಜ್ ಯೂಸರ್ಸ್ ಇರುವ ಖಾತೆ ಯಾರಿಗೆ ಬೇಕಾದರೂ ಅಧಿಕಾರ ಹಂಚಬಲ್ಲದು, ಆದ್ದರಿಂದ ಈ ಖಾತೆಗೂ ಒಬ್ಬ ಹೊಣೆಗಾರರನ್ನು ಹೆಸರಿಸಿ ಪರಿಶೀಲನೆಯ ಪಟ್ಟಿಗೆ ಸೇರಿಸಿ. ಜೆಡಬ್ಲ್ಯುಟಿ (ಪಾಸ್‌ವರ್ಡ್ ಬದಲು ಸರ್ಟಿಫಿಕೇಟಿನಿಂದ ಸಹಿ ಮಾಡಿದ ಟೋಕನ್) ಬಳಸಿದಾಗ ಇನ್‌ವ್ಯಾಲಿಡ್ ಗ್ರಾಂಟ್ ಎಂಬ ಎರರ್ ಬಂದರೆ ಮೂರು ಕಡೆ ನೋಡಿ: ಆ್ಯಪ್‌ಗೆ ಈ ಬಳಕೆದಾರನನ್ನು ಅಡ್ಮಿನ್ ಮೊದಲೇ ಒಪ್ಪಿದ್ದಾರೆಯೇ, ಸ್ಯಾಂಡ್‌ಬಾಕ್ಸಿಗೆ ಲಾಗಿನ್ ಬದಲು ಟೆಸ್ಟ್ ವಿಳಾಸ ಕೊಟ್ಟಿದ್ದೀರಾ, ಸರ್ವರ್ ಗಡಿಯಾರ ಸರಿಯಿದೆಯೇ. ಸರ್ಟಿಫಿಕೇಟ್ ಮುಗಿಯುವ ತಾರೀಖನ್ನು ತಿಂಗಳು ಮೊದಲೇ ನೆನಪಿಸುವಂತೆ ಕ್ಯಾಲೆಂಡರಿನಲ್ಲಿ ಹಾಕಿಡಿ.

ಹೊಸ ಖಾತೆಗೆ ಲಾಸ್ಟ್‌ನೇಮ್, ಇಮೇಲ್, ಪ್ರೊಫೈಲ್ ಜೊತೆ ಎಂಟು ಅಕ್ಷರ ಮೀರದ ಏಲಿಯಾಸ್ (ಚುಟುಕು ಹೆಸರು), ಏಷ್ಯಾ/ಕೋಲ್ಕತಾ ಟೈಮ್‌ಝೋನ್, ಲೊಕೇಲ್, ಭಾಷೆ, ಯುಟಿಎಫ್-8 ಎನ್‌ಕೋಡಿಂಗ್ ಕಡ್ಡಾಯ. ಯೂಸರ್‌ನೇಮ್ ನಿಮ್ಮ ಕಂಪನಿಯಲ್ಲಷ್ಟೇ ಅಲ್ಲ, ಇಡೀ ಸೇಲ್ಸ್‌ಫೋರ್ಸ್‌ನಲ್ಲಿ ಬೇರೆ ಯಾರಿಗೂ ಇರಬಾರದು. ನಿಕ್‌ನೇಮ್ ನಿಮ್ಮ ಆರ್ಗ್‌ನೊಳಗೆ (ನಿಮ್ಮ ಕಂಪನಿಯ ಸೇಲ್ಸ್‌ಫೋರ್ಸ್ ವ್ಯವಸ್ಥೆ) ಒಬ್ಬರಿಗೇ. ಎರಡಕ್ಕೂ ನೌಕರರ ಸಂಖ್ಯೆ ಸೇರಿಸಿದರೆ ಹೆಗಡೆ-ಹೆಗಡೆ ಡಿಕ್ಕಿ ತಪ್ಪುತ್ತದೆ. ಯೂಸರ್ ಮೇಲಿನ ಟ್ರಿಗರ್ (ದಾಖಲೆ ಬದಲಾದಾಗ ತಾನಾಗಿ ಓಡುವ ಕೋಡ್) ಅದೇ ಹೊತ್ತಿಗೆ ಕಾಂಟ್ಯಾಕ್ಟ್ ದಾಖಲೆಯನ್ನೂ ಬದಲಿಸುತ್ತಿದ್ದರೆ ಮಿಕ್ಸ್ಡ್ ಡಿಎಂಎಲ್ ಎರರ್ ಬರುತ್ತದೆ. ಡೆವಲಪರ್‌ಗೆ ಹೇಳಿ ಆ ಭಾಗವನ್ನು ಆಮೇಲೆ ಬೇರೆಯಾಗಿ ಓಡುವ ಫ್ಯೂಚರ್ ಮೆಥಡ್‌ಗೆ ಹಾಕಿಸಿ.

ಸೇಲ್‌ಪಾಯಿಂಟ್‌ನ ಡಿಲೀಟ್ ಥ್ರೆಶೋಲ್ಡ್ ಅನ್ನು (ಒಮ್ಮೆಗೆ ಎಷ್ಟು ಖಾತೆಗಳನ್ನು ಅಳಿದವೆಂದು ಒಪ್ಪಬೇಕೆಂಬ ಮಿತಿ) ಶೇ. 10ರೊಳಗೆ ಇಡಿ. ಎಪಿಐ ಅನುಮತಿ ಕೆಟ್ಟು ಅರ್ಧ ಪಟ್ಟಿ ಮಾತ್ರ ಬಂದ ದಿನ, ಉಳಿದರ್ಧ ಜನರ ಖಾತೆಯೇ ಇಲ್ಲವೆಂದು ಅದು ತೀರ್ಮಾನಿಸದಂತೆ ಇದು ತಡೆಯುತ್ತದೆ.

ಮೊದಲ ಸರ್ಟಿಫಿಕೇಶನ್ ಕಳಿಸುವ ಮುಂಚೆ ಪ್ರತಿ ಪರ್ಮಿಶನ್ ಸೆಟ್‌ಗೂ ವಿವರಣೆ ಬರೆಯಿರಿ. 255 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲೇ ಬರೆಯಬಹುದು. ‘ಸೇಲ್ಸ್ ಆಪ್ಸ್ ವಿ2’ ಎಂದಷ್ಟೇ ಕಂಡರೆ ಕುಮಟಾ ಶಾಖೆಯ ಮ್ಯಾನೇಜರ್ ಕಣ್ಣುಮುಚ್ಚಿ ಅಪ್ರೂವ್ ಒತ್ತುತ್ತಾರೆ. ‘ಡೀಲರಿಗೆ ಶೇ. 15ಕ್ಕಿಂತ ಹೆಚ್ಚು ರಿಯಾಯಿತಿ ಮಂಜೂರು ಮಾಡುವ ಅಧಿಕಾರ’ ಎಂದಿದ್ದರೆ ನಿಂತು ಓದುತ್ತಾರೆ, ಇದು ಇವರಿಗೆ ಯಾಕಿದೆ ಎಂದು ಕೇಳುತ್ತಾರೆ.